ಆನ್‌ಲೈನ್ ಪೋಕರ್: ನಿಷೇಧ ಸಾಲದು, ಲೆಕ್ಕ ಕೇಳುವವರು ಬೇಕು

ಸಂಪಾದಕರಿಗೆ,



ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ನಿಷೇಧವನ್ನು ಸ್ವಾಗತಿಸಿದ ನಿಮ್ಮ ಸಂಪಾದಕೀಯವು, ಪೋಕರ್ ತಾಣಗಳಿಗೆ ನಿಯಂತ್ರಣ ಪ್ರಾಧಿಕಾರ ಬೇಕೇ ಎಂಬ ಚರ್ಚೆ ಇನ್ನು ಮುಗಿದಂತೆಯೇ ಎಂದಿದೆ. ನಾನು ಬ್ಯಾಂಕಿನ ತಪಾಸಣಾ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಪೋಕರ್ ಆಡುವವನಲ್ಲ, ಆಡಿ ಎಂದು ಯಾರಿಗೂ ಹೇಳುವವನೂ ಅಲ್ಲ. ಆದರೆ ಆ ಚರ್ಚೆ ಮುಗಿಯುವುದಿರಲಿ, ನಮ್ಮಲ್ಲಿ ಸರಿಯಾಗಿ ಶುರುವೇ ಆಗಿಲ್ಲ.

ಒಪ್ಪಬೇಕಾದ್ದನ್ನು ಮೊದಲೇ ಒಪ್ಪಿಬಿಡುತ್ತೇನೆ. 2025ರ ಆಗಸ್ಟ್ 20ರಂದು ಲೋಕಸಭೆ, 21ರಂದು ರಾಜ್ಯಸಭೆ, 22ರಂದು ರಾಷ್ಟ್ರಪತಿಗಳ ಅಂಕಿತ, ಹೀಗೆ ಮೂರೇ ದಿನದಲ್ಲಿ ಬಂದ ಕೇಂದ್ರದ ಕಾಯ್ದೆಯಿಂದ ಒಳ್ಳೆಯದೂ ಆಗಿದೆ. ದೊಡ್ಡ ದೊಡ್ಡ ದೇಶಿ ಕಂಪನಿಗಳು ಹಣದಾಟ ನಿಲ್ಲಿಸಿದವು. ಕ್ರಿಕೆಟಿಗರೂ ಸಿನಿಮಾ ನಟರೂ ಟಿ.ವಿ.ಯಲ್ಲಿ ಬಂದು ಆಡಲು ಕರೆಯುವ ಕಾಟ ತಗ್ಗಿತು. ಸಾಲದ ಸುಳಿಗೆ ಸಿಕ್ಕ ಮನೆಗಳ ಗೋಳು ಸುಳ್ಳಲ್ಲ. ವರ್ಷಕ್ಕೆ ಸುಮಾರು 45 ಕೋಟಿ ಜನ 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದರು ಎಂಬುದು ಸರ್ಕಾರವೇ ಕೊಟ್ಟ ಅಂದಾಜು.

ಆದರೆ ನಿಷೇಧಿಸಿದ ಮಾತ್ರಕ್ಕೆ ಆಟ ನಿಲ್ಲುತ್ತದೆಯೇ? ಮಟ್ಕಾ ನಮ್ಮ ರಾಜ್ಯದಲ್ಲಿ ಎಂದೂ ಕಾನೂನುಬದ್ಧವಾಗಿರಲಿಲ್ಲ. ಕರ್ನಾಟಕ ಪೊಲೀಸ್ ಕಾಯ್ದೆಯ ಕಲಂ 78ರಡಿ ಚೀಟಿ ಬರೆಯುವವರನ್ನು ಹಿಡಿದ ಸುದ್ದಿ ಜಿಲ್ಲಾ ಪುಟಗಳಲ್ಲಿ ಇವತ್ತಿಗೂ ತಪ್ಪಿಲ್ಲ. ಮಟ್ಕಾ ಬರೆಯುವವನಾದರೂ ಊರಿನವನು, ಕೈಗೆ ಸಿಗುತ್ತಾನೆ. ಸಮುದ್ರದಾಚೆ ಸರ್ವರ್ ಇಟ್ಟುಕೊಂಡವನು ಠಾಣೆಯ ಮೆಟ್ಟಿಲು ಹತ್ತುವವನಲ್ಲ. ಸರ್ಕಾರ ಸಾವಿರಕ್ಕೂ ಹೆಚ್ಚು ಬೆಟ್ಟಿಂಗ್ ತಾಣಗಳನ್ನು ತಡೆಹಿಡಿದಿದೆ. ಒಂದು ವಿಳಾಸ ಮುಚ್ಚಿದರೆ ಒಂದಕ್ಷರ ಬದಲಿಸಿ ಇನ್ನೊಂದು ತೆರೆಯುತ್ತದೆ. ಅಲ್ಲಿ ಹಣ ಕಟ್ಟಿದವನಿಗೆ ಮೋಸವಾದರೆ ದೂರು ಕೊಡಲು ಜಾಗವಿಲ್ಲ.

ಪೋಕರ್‌ನಲ್ಲಿ ಮೋಸ ಎಂದರೆ ಏನೆಂದು ಬಿಡಿಸಿ ಹೇಳಬೇಕು. ಇಲ್ಲಿ ಆಟಗಾರರು ಒಬ್ಬರ ಮೇಲೊಬ್ಬರು ಆಡುತ್ತಾರೆ. ಪಣದ ಮೊತ್ತದಲ್ಲಿ ತಾಣ ತನ್ನ ಪಾಲು ಹಿಡಿದುಕೊಳ್ಳುತ್ತದೆ, ಅದಕ್ಕೆ ರೇಕ್ ಎನ್ನುತ್ತಾರೆ. ಯಾರು ಗೆದ್ದರೂ ತಾಣಕ್ಕೆ ಒಂದೇ, ಹಾಗಾಗಿ ಮೋಸಕ್ಕೆ ಕಾರಣವೇ ಇಲ್ಲ ಎಂಬುದು ಕಂಪನಿಗಳ ವಾದ. ಆದರೆ ತಾಣ ಮೂರು ಕೆಲಸ ಮಾಡುತ್ತದೆ: ಎಲೆ ಕಲೆಸುತ್ತದೆ, ಮುಚ್ಚಿದ ಎಲೆಗಳನ್ನು ಕಾಯುತ್ತದೆ, ಎಲ್ಲರ ಹಣವನ್ನೂ ಇಟ್ಟುಕೊಳ್ಳುತ್ತದೆ. ಕ್ಲಬ್ಬಿನ ಮೇಜಿನ ಮೇಲೆ ಇವು ನಾಲ್ಕು ಜನರ ಕಣ್ಣೆದುರು ನಡೆಯುತ್ತವೆ. ಆನ್‌ಲೈನ್‌ನಲ್ಲಿ ಯಾರಿಗೂ ಕಾಣವು. ಮೂರರಲ್ಲೂ ಎಡವಟ್ಟಾದ ದಾಖಲೆ ಇದೆ.

1999ರಲ್ಲಿ ಎಎಸ್‌ಎಫ್ ಸಾಫ್ಟ್‌ವೇರ್ ಎಂಬ ಕಂಪನಿ ತನ್ನ ಪ್ರಾಮಾಣಿಕತೆಯನ್ನು ತೋರಿಸಲೆಂದು ಎಲೆ ಕಲೆಸುವ ಸೂತ್ರವನ್ನೇ ಪ್ರಕಟಿಸಿತು. 52 ಎಲೆಗಳನ್ನು ಜೋಡಿಸುವ ಬಗೆಗಳನ್ನು ಎಣಿಸಿದರೆ 8ರ ಮುಂದೆ 67 ಸೊನ್ನೆ ಬರೆಯಬೇಕು. ಆ ಸೂತ್ರವೋ ದಿನದ ಮಿಲಿಸೆಕೆಂಡುಗಳನ್ನು ಆಧರಿಸಿತ್ತು. ಹಾಗಾಗಿ ಹೆಚ್ಚೆಂದರೆ 8.64 ಕೋಟಿ ಜೋಡಣೆಗಳು. ಅಮೆರಿಕದ ರಿಲಯಬಲ್ ಸಾಫ್ಟ್‌ವೇರ್ ಟೆಕ್ನಾಲಜೀಸ್‌ನ ತಂಡ ಸರ್ವರ್‌ನ ಗಡಿಯಾರಕ್ಕೆ ತನ್ನ ಗಡಿಯಾರವನ್ನು ಹೊಂದಿಸಿಕೊಂಡು ಅದನ್ನು ಸುಮಾರು 2 ಲಕ್ಷಕ್ಕೆ ಇಳಿಸಿತು. ತನ್ನ ಕೈಯ ಎರಡು, ಮೇಜಿನ ಮೂರು ಎಲೆ ಗೊತ್ತಾದರೆ ಸಾಕು, ಎದುರಾಳಿಗಳ ಎಲೆಗಳನ್ನೂ ಮುಂದೆ ಬರುವ ಎಲೆಗಳನ್ನೂ ಆ ತಂಡದ ಪ್ರೋಗ್ರಾಂ ಹೇಳಿಬಿಡುತ್ತಿತ್ತು. ಅವರು ದೋಷವನ್ನು ಬಹಿರಂಗವಾಗಿ ತಿಳಿಸಿದ್ದರಿಂದ ಅದು ಹೊರಬಂತು. ಹೇಳದೆ ಆಡುತ್ತಾ ಕೂತಿದ್ದರೆ?

ಎರಡನೆಯದು 2007–08ರ ಹಗರಣ. ಅಬ್ಸೊಲ್ಯೂಟ್ ಪೋಕರ್, ಅಲ್ಟಿಮೇಟ್‌ಬೆಟ್ ತಾಣಗಳಲ್ಲಿ ಎಲ್ಲರ ಮುಚ್ಚಿದ ಎಲೆಯೂ ಕಾಣುವ ಕಳ್ಳದಾರಿ ಒಳಗಿನವರಿಗಿತ್ತು. ಹಿಡಿದದ್ದು ಯಾವ ಅಧಿಕಾರಿಯೂ ಅಲ್ಲ. ಅನುಮಾನಗೊಂಡ ಆಟಗಾರರೇ ಆಟದ ದಾಖಲೆಗಳನ್ನು ಸಾಲುಸಾಲಾಗಿ ತಾಳೆ ನೋಡಿದರು. ಅಲ್ಟಿಮೇಟ್‌ಬೆಟ್ ಒಂದೇ ಸುಮಾರು 2.2 ಕೋಟಿ ಡಾಲರ್ ಮರಳಿಸಬೇಕಾಯಿತು.

ಮೂರನೆಯದು ನನ್ನ ಕಸುಬಿಗೆ ಹತ್ತಿರದ್ದು. 2011ರ ಏಪ್ರಿಲ್ 15ರಂದು ಅಮೆರಿಕ ಸರ್ಕಾರ ಮೂರು ದೊಡ್ಡ ಪೋಕರ್ ತಾಣಗಳ ಮೇಲೆ ಮುಗಿಬಿತ್ತು. ಆಗ ಬಯಲಾದ ಲೆಕ್ಕದ ಪ್ರಕಾರ ಅವುಗಳಲ್ಲೊಂದಾದ ಫುಲ್ ಟಿಲ್ಟ್ ತನ್ನ ಆಟಗಾರರಿಗೆ ಕೊಡಬೇಕಿದ್ದದ್ದು ಸುಮಾರು 39 ಕೋಟಿ ಡಾಲರ್, ಬ್ಯಾಂಕಿನಲ್ಲಿದ್ದದ್ದು ಸುಮಾರು 6 ಕೋಟಿ. ಉಳಿದ ಹಣ ಎಲ್ಲಿ? 2007ರಿಂದೀಚೆಗೆ ಮಾಲೀಕರೂ ನಿರ್ದೇಶಕರೂ 44 ಕೋಟಿ ಡಾಲರ್ ಹಂಚಿಕೊಂಡಿದ್ದರು ಎಂದು ಸರ್ಕಾರಿ ವಕೀಲರು ಆರೋಪಿಸಿದರು. ಆಟಗಾರರ ಪರದೆಯ ಮೇಲೆ ಮಾತ್ರ ಅವರವರ ಬಾಕಿ ಕೊನೆಯವರೆಗೂ ಸರಿಯಾಗಿಯೇ ಕಾಣುತ್ತಿತ್ತು.

ಇಲ್ಲಿಗೆ ನಿಮ್ಮ ಸಂಪಾದಕೀಯದ ಪರವಾಗಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ಅಲ್ಟಿಮೇಟ್‌ಬೆಟ್‌ಗೆ ಕೆನಡಾದ ಕಾನವಾಕೆ ಗೇಮಿಂಗ್ ಆಯೋಗದ ಪರವಾನಗಿ ಇತ್ತು. ಫುಲ್ ಟಿಲ್ಟ್‌ಗೆ ಆಲ್ಡರ್ನಿ ದ್ವೀಪದ ಜೂಜು ನಿಯಂತ್ರಣ ಆಯೋಗದ್ದಿತ್ತು. ಪ್ರಾಧಿಕಾರವಿದ್ದೂ ಮೋಸವಾಗಿದ್ದರೆ ಅದರಿಂದ ಏನು ಪ್ರಯೋಜನ? ಉತ್ತರ ಅದೇ ವರ್ಷದಲ್ಲಿದೆ. ಅಂದೇ ದಾಳಿಗೆ ಒಳಗಾದ ಪೋಕರ್‌ಸ್ಟಾರ್ಸ್ ಅಮೆರಿಕದ ತನ್ನ ಆಟಗಾರರ ಹಣವನ್ನು ಕೆಲವೇ ವಾರಗಳಲ್ಲಿ ಮರಳಿಸಿತು. ಅದರ ಪರವಾನಗಿಯೂ ಒಂದು ಪುಟ್ಟ ದ್ವೀಪದ್ದೇ, ಐಲ್ ಆಫ್ ಮ್ಯಾನ್‌ನದು. ಆದರೆ ಅಲ್ಲಿ ಆಟಗಾರರ ಹಣವನ್ನು ಕಂಪನಿಯ ಹಣದೊಂದಿಗೆ ಬೆರೆಸದೆ ಬೇರೆಯಾಗಿ ಇಡಬೇಕೆಂಬ ಷರತ್ತಿತ್ತು. ಜನರನ್ನು ಉಳಿಸಿದ್ದು ಗೋಡೆಗೆ ತೂಗುಹಾಕಿದ ಪರವಾನಗಿಯಲ್ಲ, ಅದರ ಹಿಂದಿನ ಷರತ್ತು.

ನಮ್ಮಲ್ಲಿ ನಡೆದದ್ದೇನು? ಕೌಶಲವೋ ಅದೃಷ್ಟವೋ ಎಂಬ ಜಗಳ. 2013ರಲ್ಲಿ ಕರ್ನಾಟಕ ಹೈಕೋರ್ಟ್ ಪೋಕರನ್ನು ಕೌಶಲದ ಆಟವಾಗಿ ಆಡಿದರೆ ಪರವಾನಗಿ ಬೇಕಿಲ್ಲ ಎಂದಿತು. 2017ರಲ್ಲಿ ಗುಜರಾತ್ ಹೈಕೋರ್ಟ್ ಅದು ಜೂಜೇ ಎಂದಿತು. ಹಣ ಮುಳುಗಿದವನಿಗೆ ಈ ವ್ಯತ್ಯಾಸದಿಂದ ಆಗಬೇಕಾದ್ದು ಏನೂ ಇಲ್ಲ. ಇನ್ನೊಂದು ಕಡೆ ತೆರಿಗೆಯ ಯಂತ್ರ ಮಾತ್ರ ಚುರುಕಾಗಿತ್ತು. 2023ರ ಏಪ್ರಿಲ್‌ನಿಂದ ಗೆಲುವಿನ ಮೇಲೆ ಶೇ 30 ಟಿಡಿಎಸ್, ಅಕ್ಟೋಬರ್‌ನಿಂದ ಜಮೆಯಾದ ಪೂರ್ಣ ಮೊತ್ತದ ಮೇಲೆ ಶೇ 28 ಜಿಎಸ್‌ಟಿ. ಅದೇ 2023ರ ಏಪ್ರಿಲ್‌ನಲ್ಲಿ ಐಟಿ ನಿಯಮಗಳಿಗೆ ತಿದ್ದುಪಡಿ ತಂದು ಪ್ರಸ್ತಾಪಿಸಿದ ಸ್ವಯಂ ನಿಯಂತ್ರಣ ಸಂಸ್ಥೆಗಳು ಹುಟ್ಟಲೇ ಇಲ್ಲ. ವಸೂಲಿಗೆ ಸಿಕ್ಕ ಸಿಬ್ಬಂದಿ ತಪಾಸಣೆಗೆ ಸಿಗಲಿಲ್ಲ.

ಹೊಸ ಕಾಯ್ದೆಯಲ್ಲೂ ಪ್ರಾಧಿಕಾರ ಇದೆಯಲ್ಲ ಎನ್ನಬಹುದು. ಅದರ ಮುಖ್ಯ ಕೆಲಸ ಯಾವುದು ಹಣದಾಟ, ಯಾವುದಲ್ಲ ಎಂದು ವಿಂಗಡಿಸುವುದು, ಇ-ಸ್ಪೋರ್ಟ್ಸ್‌ನಂಥವನ್ನು ನೋಂದಾಯಿಸುವುದು. ಪೋಕರ್ ತಾಣದ ಪುಸ್ತಕ ತೆರೆದು ನೋಡುವ ಪ್ರಾಧಿಕಾರವಲ್ಲ ಅದು.

ನ್ಯಾಯಾಲಯಗಳಲ್ಲಿ ಏನು ಉಳಿಯಿತು ಎಂಬುದನ್ನೂ ಗಮನಿಸಬೇಕು. ಕರ್ನಾಟಕ 2021ರಲ್ಲಿ ತಂದ ನಿಷೇಧವನ್ನು ನಮ್ಮ ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದು ಮಾಡಿತು. ಸಂವಿಧಾನಕ್ಕೆ ಒಪ್ಪುವ ಕಾನೂನು ತರಲು ಅಡ್ಡಿಯಿಲ್ಲ ಎಂದೂ ಹೇಳಿತು. ತಮಿಳುನಾಡಿನ ನಿಷೇಧವೂ 2021ರಲ್ಲಿ ಬಿದ್ದಿತು. ಆದರೆ ಆ ರಾಜ್ಯ ಪ್ರಾಧಿಕಾರ ರಚಿಸಿ 2025ರಲ್ಲಿ ತಂದ ಆಧಾರ್ ಪರಿಶೀಲನೆ, ನಡುರಾತ್ರಿ 12ರಿಂದ ಬೆಳಿಗ್ಗೆ 5ರವರೆಗೆ ಆಟ ಬಂದ್ ಎಂಬ ನಿಯಮಗಳನ್ನು ಮದ್ರಾಸ್ ಹೈಕೋರ್ಟ್ ಅದೇ ವರ್ಷದ ಜೂನ್‌ನಲ್ಲಿ ಎತ್ತಿಹಿಡಿಯಿತು. ನಿಷೇಧ ಬಿದ್ದಿತು, ನಿಯಂತ್ರಣ ನಿಂತಿತು.

ನಾನು ಕೇಳುತ್ತಿರುವುದು ಹೊಸದೇನಲ್ಲ. ಚೀಟಿ ನಡೆಸುವವರು ರಾತ್ರೋರಾತ್ರಿ ಊರು ಬಿಡುತ್ತಿದ್ದ ಕಾಲ ನಮಗೆ ಗೊತ್ತು. ಸರ್ಕಾರ ಚೀಟಿಯನ್ನೇ ನಿಷೇಧಿಸಲಿಲ್ಲ. 1982ರ ಚಿಟ್ ಫಂಡ್ ಕಾಯ್ದೆ ಬಂತು, ರಿಜಿಸ್ಟ್ರಾರ್ ಬಂದರು, ಚೀಟಿ ಶುರುವಾಗುವ ಮೊದಲೇ ಫೋರ್‌ಮನ್ ಭದ್ರತೆ ಇಡಬೇಕಾಯಿತು. ಮೋಸ ಪೂರ್ತಿ ನಿಂತಿತೆಂದಲ್ಲ, ಆದರೆ ನೋಂದಾಯಿತ ಚೀಟಿಗೂ ಕೈಚೀಟಿಗೂ ಇರುವ ವ್ಯತ್ಯಾಸ ಹಳ್ಳಿಯ ಹೆಣ್ಣುಮಗಳಿಗೂ ತಿಳಿಯಿತು.

ಪೋಕರ್‌ಗೂ ಅಂಥದೇ ಷರತ್ತುಗಳು ಬೇಕು. ಆಟಗಾರರ ಹಣ ಟ್ರಸ್ಟ್ ಖಾತೆಯಲ್ಲಿರಲಿ, ಪ್ರತಿದಿನ ತಾಳೆಯಾಗಲಿ. ಎಲೆ ಕಲೆಸುವ ಪ್ರೋಗ್ರಾಂ ಹೊರಗಿನ ಪ್ರಯೋಗಾಲಯದ ಪರೀಕ್ಷೆ ದಾಟಲಿ. ಪ್ರತಿ ಆಟದ ದಾಖಲೆ ಪ್ರಾಧಿಕಾರದ ಕೈಗೂ ಸಿಗಲಿ. ಮನುಷ್ಯರ ಹೆಸರಿನಲ್ಲಿ ಆಡುವ ಬಾಟ್‌ಗಳನ್ನೂ ಒಳಸಂಚಿನ ಗುಂಪುಗಳನ್ನೂ ಹಿಡಿಯಲು ಬೇರೆ ದಾರಿಯಿಲ್ಲ. ತಿಂಗಳಿಗೆ ಇಷ್ಟೇ ಕಟ್ಟಬಹುದೆಂಬ ಮಿತಿ ಇರಲಿ. ಬ್ರಿಟನ್ನಿನ ಗ್ಯಾಮ್‌ಸ್ಟಾಪ್‌ನಂತೆ, ಒಂದು ಕಡೆ ಹೆಸರು ಬರೆಸಿದರೆ ಪರವಾನಗಿ ಪಡೆದ ಎಲ್ಲ ತಾಣಗಳ ಬಾಗಿಲೂ ಮುಚ್ಚುವ ಏರ್ಪಾಡಿರಲಿ. ಜಾಹೀರಾತಿನ ನಿಷೇಧ ಹಾಗೆಯೇ ಮುಂದುವರಿಯಲಿ. ಪ್ರಾಧಿಕಾರದ ಶುಲ್ಕ ಆಟದ ವಹಿವಾಟಿಗೆ ಅನುಗುಣವಾಗಿ ಏರಬಾರದು. ಜನ ಸೋತಷ್ಟೂ ಕಾವಲುಗಾರನ ಜೇಬು ತುಂಬುವುದಾದರೆ ಅವನು ಕಾಯುವುದಿಲ್ಲ.

ಕೇಂದ್ರದ ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಗಳನ್ನು, ನಮ್ಮ ಹೈಕೋರ್ಟ್‌ನಲ್ಲಿದ್ದದ್ದನ್ನೂ ಸೇರಿಸಿ, ಸುಪ್ರೀಂ ಕೋರ್ಟ್ ತನ್ನಲ್ಲಿಗೆ ವರ್ಗಾಯಿಸಿಕೊಂಡಿದೆ. ಕಾಯ್ದೆ ಬಿದ್ದರೆ, 2022ರಲ್ಲಿ ಆದಂತೆ, ಮರುದಿನವೇ ತಾಣಗಳು ತೆರೆಯುತ್ತವೆ, ಲೆಕ್ಕ ಕೇಳುವವರು ಇರುವುದಿಲ್ಲ. ಕಾಯ್ದೆ ಉಳಿದರೆ ವಿದೇಶಿ ತಾಣಗಳಲ್ಲಿ ಆಡುವ ನಮ್ಮ ಹುಡುಗರಿಗೆ ದೂರು ಕೊಡಲು ಕಚೇರಿ ಇರುವುದಿಲ್ಲ. ಎರಡರಲ್ಲಿ ಯಾವುದಾದರೂ ನಿಯಮಾವಳಿಯ ಕರಡು ಈಗಲೇ ಸಿದ್ಧವಿರಬೇಕು. ಜೂಜು, ಪಣ ರಾಜ್ಯಪಟ್ಟಿಯ ವಿಷಯ. ಕರ್ನಾಟಕ ಸರ್ಕಾರ ತೀರ್ಪಿಗಾಗಿ ಕಾಯದೆ ಇಂಥದೊಂದು ಕರಡನ್ನು ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಕರೆಯಲಿ. ನಿಮ್ಮ ಪತ್ರಿಕೆಯೂ ಅದನ್ನೇ ಒತ್ತಾಯಿಸಲಿ.

ಇಂತಿ,
ನಿವೃತ್ತ ಬ್ಯಾಂಕ್ ಅಧಿಕಾರಿ
ದಾವಣಗೆರೆ