‘ಸುಮ್ನೆ ಮಲ್ಕೊ’ ಅಂದ್ರೆ ಒಪ್ಪಿಗೆ ತಗೊಂಡಂಗಾ?



ಮದುವೆಯಾಗಿ ಎರಡು ವರ್ಷಕ್ಕೆ ಮಗು ಆಗಲಿಲ್ಲ ಅಂದ್ರೆ ನಮ್ಮ ಕೇರಿ ಹೆಣ್ಣುಮಕ್ಕಳನ್ನ ಸೀದಾ ‘ಟ್ಯೂಬ್ ಟೆಸ್ಟ್‌’ಗೆ ಕರ್ಕೊಂಡು ಹೋಗ್ತಾರೆ. ಎಚ್‌ಎಸ್‌ಜಿ. ಗರ್ಭನಾಳ ತೆರೆದಿದೆಯೋ ಮುಚ್ಚಿದೆಯೋ ಅಂತ ನೋಡುವ ಎಕ್ಸ್‌ರೇ. ಗಂಡನ ವೀರ್ಯ ಪರೀಕ್ಷೆ ಆಯ್ತಾ ಅಂತ ಕೇಳಿ ನೋಡಿ, ‘ಅವನಿಗೇನು ಧಾಡಿ?’ ಅಂತಾರೆ. ಒಂದು ಡಬ್ಬಿಯಲ್ಲಿ ನೋವಿಲ್ಲದೆ ಮುಗಿಯೋ ಪರೀಕ್ಷೆ ಬಿಟ್ಟು ಹೆಣ್ಣಿನ ಹೊಟ್ಟೆಗೇ ಮೊದಲು ಕೈ ಹಾಕೋದು ಯಾವ ನ್ಯಾಯ? ಸಮಾನತೆಯ ಭಾಷಣ ಮಾಡೋ ನಮ್ಮ ಅಣ್ಣಂದಿರನ್ನೂ ಸೇರಿಸಿಯೇ ಕೇಳ್ತಿದ್ದೀನಿ.

ನಾನೂ ಆ ಟೇಬಲ್ ಮೇಲೆ ಮಲಗಿದವಳು. ಕೇರಿಯ ವಿಳಾಸ ಬರೆಸಿದ ಮೇಲೆ ‘ನೀವು’ ಹೋಗಿ ‘ನೀನು’ ಆಯ್ತು. ಏನು ಮಾಡ್ತೀರಿ ಅಂದಿದ್ದಕ್ಕೆ ‘ಹೇಳಿದ್ರೆ ನಿಂಗೆ ಗೊತ್ತಾಗುತ್ತಾ, ಸುಮ್ನೆ ಮಲ್ಕೊ’ ಅಂದ್ರು. ಗೊತ್ತಾಗುತ್ತೆ ಕಣ್ರೀ. ನಾನೇ ಹೇಳ್ತೀನಿ.

ಸಾಮಾನ್ಯವಾಗಿ ಮುಟ್ಟು ಶುರುವಾದ 6ರಿಂದ 10ನೇ ದಿನದೊಳಗೆ, ರಕ್ತ ನಿಂತ ಮೇಲೆ ಮಾಡ್ತಾರೆ. ಬಸಿರಿಲ್ಲ ಅನ್ನೋದು ಖಾತ್ರಿಯಾಗಿರಬೇಕು. ಡೈಯಲ್ಲಿ ಅಯೋಡಿನ್ ಇರುತ್ತೆ, ಅಲರ್ಜಿ ಇದ್ರೆ ಮೊದಲೇ ಹೇಳಿ. ಕಾಲು ಮಡಚಿ ಮಲಗಿಸಿ, ಯೋನಿಯೊಳಗೆ ಸ್ಪೆಕ್ಯುಲಮ್ ಇಟ್ಟು, ಗರ್ಭಕಂಠದ ಮೂಲಕ ಸಣ್ಣ ನಳಿಕೆ ತೂರಿಸಿ ಡೈ ಬಿಡ್ತಾರೆ. ಆಗ ಹೊಟ್ಟೆ ಹಿಂಡುತ್ತೆ. ಕೆಲವರಿಗೆ ಮುಟ್ಟಿನ ನೋವಿನಷ್ಟು, ಕೆಲವರಿಗೆ ಕಿರುಚುವಷ್ಟು. ಬಹಳ ಜನಕ್ಕೆ ಸ್ವಲ್ಪ ಹೊತ್ತಿಗೆ ಇಳಿಯುತ್ತೆ. ಮುಂಚೆಯೇ ನೋವಿನ ಮಾತ್ರೆ ಕೊಡೋ ರೂಢಿ ಇದೆ, ಕೇಳಿ ತಗೊಳ್ಳಿ. ನಿಲ್ಲಿಸಿ ಅಂದ್ರೆ ನಿಲ್ಲಿಸಬೇಕು. ಆಮೇಲೆ ಒಂದೆರಡು ದಿನ ಸ್ವಲ್ಪ ರಕ್ತ ಕಾಣಿಸಬಹುದು, ಪ್ಯಾಡ್ ಇಟ್ಕೊಂಡು ಹೋಗಿ. ಜ್ವರ, ಕೆಟ್ಟ ವಾಸನೆಯ ಸ್ರಾವ, ಏರುತ್ತಲೇ ಹೋಗುವ ನೋವು ಬಂದ್ರೆ ತಕ್ಷಣ ಆಸ್ಪತ್ರೆಗೆ.

ಅಷ್ಟೇ. ಇಷ್ಟು ಹೇಳೋಕೆ ಐದು ನಿಮಿಷವೂ ಬೇಡ.

‘ನಾಳ ಮುಚ್ಚಿದೆ’ ಅಂತ ರಿಪೋರ್ಟ್ ಬಂದ್ರೂ ಎದೆ ಒಡ್ಕೋಬೇಡಿ, ಟೆಸ್ಟ್ ಹೊತ್ತಲ್ಲಿ ಸ್ನಾಯು ಬಿಗಿದರೂ ಹಾಗೆ ಕಾಣುತ್ತೆ. ನಿಜವಾಗಿ ಮುಚ್ಚಿದ್ರೆ? ನಮ್ಮ ದೇಶದಲ್ಲಿ ಅದಕ್ಕೊಂದು ದೊಡ್ಡ ಕಾರಣ ಜನನಾಂಗದ ಟಿಬಿ. ಅರೆಹೊಟ್ಟೆ, ಗಾಳಿ ಬೆಳಕಿಲ್ಲದ ಒಂದೇ ಕೋಣೆ, ಅದರಲ್ಲೇ ಆರು ಜನ: ಟಿಬಿ ಹುಡುಕೋದು ಇಂಥ ಮನೆಗಳನ್ನೇ. ಆ ಕೋಣೆಗೆ ನಮ್ಮನ್ನ ತಳ್ಳಿದವರು ಯಾರು? ಬೈಗುಳ ಮಾತ್ರ ಅವಳಿಗೆ, ‘ಬಂಜೆ’ ಅಂತ.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಮಾಹಿತಿ, ಒಪ್ಪಿಗೆ, ಘನತೆ, ಗಂಡು ವೈದ್ಯರು ಪರೀಕ್ಷಿಸುವಾಗ ಪಕ್ಕದಲ್ಲಿ ಇನ್ನೊಬ್ಬ ಹೆಂಗಸು, ಎಲ್ಲವೂ ಇದೆ. ಎಚ್‌ಎಸ್‌ಜಿ ಮಾಡೋ ಪ್ರತಿ ಕೋಣೆಯ ಬಾಗಿಲಿಗೆ ಅದನ್ನ ಕನ್ನಡದಲ್ಲಿ ಅಂಟಿಸಿ. ಸಹಿ ಹಾಕಿಸಿಕೊಳ್ಳೋ ಕಾಗದವೂ ಕನ್ನಡದಲ್ಲಿರಲಿ, ಓದು ಬಾರದವರಿಗೆ ಓದಿ ಹೇಳಿ.

ಫೋನ್ ಇಲ್ಲದ ಅಕ್ಕಂದಿರು ನಿಮ್ಮ ಕೇರೀಲಿದ್ರೆ ಈ ಪೋಸ್ಟ್ ಅವರಿಗೆ ಓದಿ ಹೇಳಿ. ಟೆಸ್ಟ್ ದಿನ ಒಬ್ಬರಾದರೂ ಜೊತೆಗೆ ಹೋಗಿ.