ಅಕ್ಷರವು ಕೈಯಿಂದ ಮನಕ್ಕೆ ಬರಲಿ

ಎಳೆಯ ಮಕ್ಕಳಿಗೆ ಅಕ್ಷರವನ್ನು ಎಂದು, ಎಲ್ಲಿ, ಹೇಗೆ ಕಲಿಸಬೇಕೆಂಬ ಪ್ರಶ್ನೆ ಇಂದು ಮನೆಮನೆಯ ಚಿಂತೆಯಾಗಿದೆ. ಮೂರು ವರ್ಷ ತುಂಬುವ ಮೊದಲೇ ಕೂಸಿನ ಕೈಗೆ ಪೆನ್ಸಿಲು ಕೊಟ್ಟು ಪುಟ ತುಂಬಿಸುವ ಆತುರ ಒಂದೆಡೆ. ಶಾಲೆಗೆ ಸೇರುವ ದಿನದವರೆಗೆ ಅಕ್ಷರದ ಸುದ್ದಿಯೇ ಬೇಡವೆಂಬ ಔದಾಸೀನ್ಯ ಇನ್ನೊಂದೆಡೆ. ಇವೆರಡರ ನಡುವೆ ಹದವಾದ ದಾರಿಯೊಂದುಂಟು. ಆ ದಾರಿಯನ್ನು ಕುರಿತು ಈ ಸಂಸ್ಥೆಯ ಅಧ್ಯಾಪಕರಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ಹಾಗೂ ದಾನಿಗಳಲ್ಲಿ ನಾಲ್ಕು ಮಾತುಗಳನ್ನು ವಿನಯಪೂರ್ವಕವಾಗಿ ನಿವೇದಿಸಬಯಸುತ್ತೇನೆ.

ಅಮೆರಿಕದ ಶಿಶುವಿಹಾರಗಳಲ್ಲಿಯೂ, ಮಕ್ಕಳಿಗೆ ಮನೆಯಲ್ಲಿಯೇ ಪಾಠ ಹೇಳುವ ಅಲ್ಲಿನ ಕುಟುಂಬಗಳಲ್ಲಿಯೂ ‘ವಾರಕ್ಕೊಂದು ಅಕ್ಷರ’ ಎಂಬ ಪದ್ಧತಿ ರೂಢಿಯಲ್ಲಿದೆ. ಒಂದು ವಾರಕ್ಕೆ ಒಂದೇ ಅಕ್ಷರ. ಆ ವಾರವೆಲ್ಲ ಮಗು ಅದನ್ನು ಹಿಟ್ಟಿನಲ್ಲಿ ಮಾಡುತ್ತದೆ, ಮರಳಿನಲ್ಲಿ ತಿದ್ದುತ್ತದೆ, ಬಣ್ಣ ಬಳಿಯುತ್ತದೆ, ಅದರಿಂದ ಆರಂಭವಾಗುವ ವಸ್ತುಗಳನ್ನು ಮನೆಯಲ್ಲಿ ಹುಡುಕುತ್ತದೆ. ಇಂಗ್ಲಿಷಿಗೆ 26 ಅಕ್ಷರಗಳಾದ್ದರಿಂದ ಅರ್ಧ ವರ್ಷದಲ್ಲಿ ಒಂದು ಸುತ್ತು ಮುಗಿಯುತ್ತದೆ.

ಇದನ್ನು ಪರದೇಶದ ಹೊಸತೆಂದು ನಾವು ಬೆರಗಾಗಬೇಕಿಲ್ಲ. ಅಕ್ಷರಾಭ್ಯಾಸದ ದಿನ ತಟ್ಟೆಯ ಅಕ್ಕಿಯಲ್ಲಿ ಮಗುವಿನ ಬೆರಳು ಹಿಡಿದು ಬರೆಸುವುದು ನಮ್ಮ ಸಂಪ್ರದಾಯ. ಹಳೆಯ ಕೂಲಿಮಠಗಳಲ್ಲಿ ಮಕ್ಕಳು ಮರಳ ಮೇಲೆ ತಿದ್ದಿಯೇ ಅಕ್ಷರ ಕಲಿತರು. 18ನೆಯ ಶತಮಾನದ ಕೊನೆಯಲ್ಲಿ ಮದ್ರಾಸಿನ ಅನಾಥಾಲಯವೊಂದರ ಮೇಲ್ವಿಚಾರಕರಾಗಿದ್ದ ಆಂಡ್ರೂ ಬೆಲ್ಲರು, ದೇಶೀಯ ಶಾಲೆಯೊಂದರಲ್ಲಿ ಮಕ್ಕಳು ಮರಳಿನಲ್ಲಿ ಬೆರಳಿನಿಂದ ಬರೆಯುವುದನ್ನು ಕಂಡು ಅದನ್ನು ತಮ್ಮ ಶಾಲೆಯಲ್ಲಿ ಅಳವಡಿಸಿಕೊಂಡರು. 1797ರಲ್ಲಿ ಪ್ರಕಟವಾದ ಅವರ ಪುಸ್ತಕದಿಂದ ಆ ಪದ್ಧತಿ ಇಂಗ್ಲೆಂಡಿಗೂ ಪರಿಚಯವಾಯಿತು. 1907ರಲ್ಲಿ ರೋಮಿನ ಬಡವರ ಕೇರಿಯಲ್ಲಿ ಶಿಶುಗೃಹವನ್ನು ತೆರೆದ ಮಾರಿಯಾ ಮಾಂಟೆಸ್ಸೊರಿಯವರು ಉಜ್ಜುಕಾಗದದಲ್ಲಿ ಕತ್ತರಿಸಿದ ಅಕ್ಷರಗಳ ಮೇಲೆ ಮಕ್ಕಳ ಬೆರಳಾಡಿಸಿದರು. ಅವರು 1939ರಲ್ಲಿ ಮದ್ರಾಸಿಗೆ ಬಂದು ನಮ್ಮ ದೇಶದ ಶಿಕ್ಷಕರಿಗೂ ತರಬೇತಿ ನೀಡಿದರು. ಕಣ್ಣು ಕಂಡದ್ದನ್ನು ಬೆರಳೂ ಅರಿತಾಗ ಅಕ್ಷರ ನೆಲೆಗೊಳ್ಳುತ್ತದೆ ಎಂಬ ಅನುಭವ ಎಲ್ಲರದೂ ಒಂದೇ.

ಆದರೆ ಕೈಯ ಕಲಿಕೆಯನ್ನು ಸ್ವೀಕರಿಸುವಾಗ ಪರಭಾಷೆಯ ಲೆಕ್ಕಾಚಾರವನ್ನು ಹಾಗೆಯೇ ಸ್ವೀಕರಿಸಲಾಗದು. ನಮ್ಮ ವರ್ಣಮಾಲೆಯಲ್ಲಿ 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49 ಅಕ್ಷರಗಳಿವೆ. ವಾರಕ್ಕೊಂದರಂತೆ ವರ್ಣಮಾಲೆಯ ಸಾಲಿನಲ್ಲಿಯೇ ಹೊರಟರೆ ‘ಕ’ ಬರುವುದು 16ನೆಯ ವಾರಕ್ಕೆ. 20ನೆಯ ವಾರ ‘ಙ’ಕಾರಕ್ಕೆ ಮೀಸಲು, ಮಗು ಮನೆಯೆಲ್ಲ ಹುಡುಕಿದರೂ ಆ ಅಕ್ಷರದಿಂದ ಆರಂಭವಾಗುವ ಒಂದು ವಸ್ತುವೂ ಸಿಗದು. ವರ್ಷ ಮುಗಿದಾಗಲೂ ಕಾಗುಣಿತ, ಒತ್ತಕ್ಷರಗಳು ಉಳಿದೇ ಇರುತ್ತವೆ. ‘ಅಮ್ಮ’ ಎಂಬ ಮೊದಲ ಮಾತನ್ನೇ ಮಗು ಓದಲಾರದು.

ಆದ್ದರಿಂದ ಬಾಯಿಪಾಠಕ್ಕೆ ವರ್ಣಮಾಲೆಯ ಕ್ರಮವಿರಲಿ, ಓದು-ಬರಹಕ್ಕೆ ಬೇರೆ ಕ್ರಮವಿರಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹರಡಿದ ನಲಿ-ಕಲಿ ಪದ್ಧತಿಯು ರ, ಗ, ಸ, ದ, ಅ ಎಂದು ಮೊದಲಾಗುತ್ತದೆ. ಈ ಐದು ಅಕ್ಷರಗಳು ಬಂದೊಡನೆ ಸರ, ಅರಸ, ಅಗಸ, ದಸರ, ಗರಗಸ ಎಂಬ ಮಾತುಗಳನ್ನು ಮಗು ತಾನೇ ಓದುತ್ತದೆ. ಐದನೆಯ ವಾರದಲ್ಲಿಯೇ ಓದಿನ ಸಂತೋಷ ದೊರೆಯುತ್ತದೆ. ಅನಂತರ ಆಕಾರದ ಬಳಗವನ್ನು ಹಿಡಿದು ನಡೆಯಬಹುದು. ‘ವ’ ಬಂದ ಕೈಗೆ ‘ಮ’ ದೂರವಲ್ಲ, ‘ಪ’ ಬಂದ ಕೈಗೆ ‘ಷ’ ಕಷ್ಟವಲ್ಲ.

‘ರ’ಕಾರದ ವಾರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಮೊದಲ ದಿನ ರೊಟ್ಟಿ, ರಾಗಿ, ರವೆ, ರಂಗೋಲಿ ಎಂಬ ಮಾತುಗಳನ್ನು ಆಡಿಸಿ ಮೊದಲ ದನಿಯನ್ನು ಗುರುತಿಸಲಿ. ಮರುದಿನ ಅಂಗಳದಲ್ಲಿ ರಂಗೋಲಿಯಿಂದ ಬರೆದ ದೊಡ್ಡ ‘ರ’ದ ಮೇಲೆ ಮಗು ಹೆಜ್ಜೆಯಿಟ್ಟು ನಡೆಯಲಿ. ಮೂರನೆಯ ದಿನ ತಟ್ಟೆಯ ರವೆಯಲ್ಲಿ ಬೆರಳಾಡಲಿ. ನಾಲ್ಕನೆಯ ದಿನ ಕಣಕವನ್ನು ಹೊಸೆದು ದುಂಡಗೆ ಸುತ್ತಿ ತಲೆಕಟ್ಟು ಇಡಲಿ. ಐದನೆಯ ದಿನ ಹುಣಸೆಬೀಜ ಜೋಡಿಸಲಿ. ಮೂರು ವರ್ಷದೊಳಗಿನ ಮಗುವಿಗೆ ಮಾತ್ರ ಬೀಜ ಕೊಡಲಾಗದು, ಬಾಯಿ-ಮೂಗುಗಳಿಗೆ ಹೋದೀತು. ಕೊನೆಗೆ ಹಳೆಯ ಲಗ್ನಪತ್ರಿಕೆಯಲ್ಲಿ ‘ರ’ವನ್ನು ಹುಡುಕಲಿ. ಬಳಪ, ಪೆನ್ಸಿಲುಗಳಿಗೆ ಅವಸರ ಬೇಡ. ಬೆರಳುಗಳ ಸಣ್ಣ ಸ್ನಾಯುಗಳು ಈ ಆಟದಿಂದಲೇ ಬಲಿಯುತ್ತವೆ. ಅಕ್ಷರ ಒಂದು ವಾರದಲ್ಲಿ ಬಾರದಿದ್ದರೆ ಎರಡು ವಾರವಾಗಲಿ. ಪಂಚಾಂಗ ಮಗುವಿಗಾಗಿ, ಮಗು ಪಂಚಾಂಗಕ್ಕಾಗಿ ಅಲ್ಲ.

ಇದೆಲ್ಲ ಓದು-ಬರಹ ಬಲ್ಲ, ಬಿಡುವುಳ್ಳ ತಾಯಂದಿರಿಗೆ ಮಾತ್ರ ಸಾಧ್ಯವೆಂಬ ಆಕ್ಷೇಪವುಂಟು. ಇದು ತಳ್ಳಿಹಾಕುವ ಮಾತಲ್ಲ. ಅಂತಹ ಮನೆಯ ಮಗು ಕಲಿತು ಬರುವುದು, ಕೂಲಿಗೆ ಹೋಗುವ ತಾಯಿಯ ಮಗು ಒಂದನೆಯ ತರಗತಿಯಲ್ಲಿ ಅಕ್ಷರವನ್ನು ಹೊಸದಾಗಿ ಕಾಣುವುದು, ಇಬ್ಬರನ್ನೂ ಒಂದೇ ಅಳತೆಗೋಲಿನಿಂದ ಅಳೆದು ಒಬ್ಬನನ್ನು ಜಾಣ, ಇನ್ನೊಬ್ಬನನ್ನು ದಡ್ಡ ಎನ್ನುವುದು ನಮ್ಮ ಶಾಲೆಗಳ ನಿತ್ಯದ ಅನ್ಯಾಯ. ಆದರೆ ಇದಕ್ಕೆ ಪರಿಹಾರ ಮನೆಯ ಕಲಿಕೆಯನ್ನು ಬಿಡುವುದಲ್ಲ, ಅದನ್ನು ಎಲ್ಲ ಮನೆಗಳಿಗೂ ಮುಟ್ಟಿಸುವುದು. ಮೇಲೆ ಹೇಳಿದ ಕೆಲಸಗಳಲ್ಲಿ ಹಿಟ್ಟು ನಾದುವುದು, ರಂಗೋಲಿ ಹಾಕುವುದು, ಕಾಳು ಆರಿಸುವುದು ಆ ತಾಯಿಗೆ ಬಾರದ ವಿದ್ಯೆಗಳೇನಲ್ಲ. ಆಕೆಗೆ ಬೇಕಾದುದು ಅಕ್ಷರದ ಮಾದರಿಯೊಂದು, ಅದರ ದನಿಯನ್ನು ಹೇಳಿಕೊಡುವವರೊಬ್ಬರು, ದಿನಕ್ಕೆ ಕಾಲುಗಂಟೆಯ ಬಿಡುವು. ಮಗುವಿನೊಡನೆ ಕುಳಿತು ತಾನೂ ಅಕ್ಷರ ತಿದ್ದಿದರೆ ಒಂದು ಮನೆಯಲ್ಲಿ ಎರಡು ದೀಪ ಹೊತ್ತಿದಂತಾಗುತ್ತದೆ.

1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಿಂದ ಊರೂರಿಗೆ ಅಂಗನವಾಡಿ ಬಂದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷದವರೆಗಿನ ಕಲಿಕೆಯನ್ನು ಒಂದೇ ಘಟ್ಟವೆಂದು ಎಣಿಸಿ ಆಟಕ್ಕೆ ಅಗ್ರಸ್ಥಾನ ಕೊಟ್ಟಿದೆ. ಈ ಕಾರ್ಯದಲ್ಲಿ ಮಠದ ಶಾಲೆಗೂ ಪಾಲುಂಟು. ನನ್ನ ಸೂಚನೆ ಇಷ್ಟೇ: ಶಾಲೆಯಲ್ಲಿ ಅಕ್ಷರದ ಚೀಲಗಳು ಸಿದ್ಧವಾಗಲಿ. ಒಂದೊಂದರಲ್ಲಿ ರಟ್ಟಿಗೆ ಅಂಟಿಸಿದ ಉಜ್ಜುಕಾಗದದ ಒಂದು ಅಕ್ಷರ, ನಾಲ್ಕು ಚಿತ್ರ, ಒಂದು ಪುಟ್ಟ ಕಥೆಯಿರಲಿ. ಪ್ರತಿ ಸೋಮವಾರ ಶಾಲೆಯ ಮಕ್ಕಳು ಅದನ್ನು ತಮ್ಮ ತಮ್ಮ ಓಣಿಯ ಪುಟ್ಟ ತಮ್ಮ-ತಂಗಿಯರ ಮನೆಗೆ ಒಯ್ದು ದನಿಯನ್ನು ಹೇಳಿಕೊಡಲಿ. ಮುಂದಿನ ಸೋಮವಾರ ಹೊಸದಕ್ಕೆ ಬದಲಿಸಿ ತರಲಿ. ಅಧ್ಯಾಪಕರು ತಿಂಗಳಿಗೊಮ್ಮೆ ತಾಯಂದಿರನ್ನು ಕೂಡಿಸಿ ಮಾತನಾಡಲಿ.

ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹ ಮಠಗಳ ಹೆಮ್ಮೆ. ಶರಣರು ದೇಹಶ್ರಮಕ್ಕೆ ಕಾಯಕದ ಗೌರವವನ್ನು ಕೊಟ್ಟರು. ಮಗುವಿನ ಪಾಲಿಗೆ ಆಟವೇ ಕಾಯಕ. ಕೋಣೆಗಳನ್ನು ಕಟ್ಟಿಸಿಕೊಟ್ಟ ದಾನಿಗಳು ಈ ಚೀಲಗಳ ಕಡೆಗೂ ದೃಷ್ಟಿ ಹರಿಸಲಿ. ಇದರ ಮೇಲೆ ಯಾರ ಹೆಸರನ್ನೂ ಕೆತ್ತಿಸಲಾಗದು. ಆದರೂ ಒಂದನೆಯ ತರಗತಿಯ ಬಾಗಿಲಿಗೆ ಬರುವ ಬಡ ಮಗುವಿಗೆ ಫಲಕದ ಮೇಲಿನ ಮೊದಲ ಅಕ್ಷರ ಅಪರಿಚಿತವಾಗಿರದಿದ್ದರೆ ನಮ್ಮ ಅಕ್ಷರದಾಸೋಹ ಸಾರ್ಥಕವಾದೀತು.