ರೂಟರಿಗೂ ತಕ್ಕ ಜಾಗ ಬೇಕು



ಪಹಣಿ, ಮಾರುಕಟ್ಟೆ ಧಾರಣೆ, ಬ್ಯಾಂಕಿನ ವ್ಯವಹಾರ ಎಲ್ಲವೂ ಈಗ ಬ್ರಾಡ್‌ಬ್ಯಾಂಡ್ ಮೂಲಕ ಮನೆಯಲ್ಲೇ ಸಾಧ್ಯ. ಆದರೆ ಜೋಡಿಸಲು ಬಂದವರು ಬಾಗಿಲ ಪಕ್ಕದಲ್ಲಿ ಇಟ್ಟುಹೋದ ರೂಟರನ್ನು ಹಾಗೆಯೇ ಬಿಡುವುದು ಸರಿಯಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ.

ರೂಟರಿನ ಅಲೆಗಳು ಸುತ್ತಲೂ ಹರಡುತ್ತವೆ. ಹೊರಗೋಡೆಗೆ ಅಂಟಿಸಿದರೆ ಅರ್ಧದಷ್ಟು ಬಯಲಿನ ಪಾಲು. ಬದುವಿಗೆ ಗೊಬ್ಬರ ಚೆಲ್ಲಿದಂತೆ. ಜೋಡಿಸುವಾಗಲೇ ಕೇಬಲನ್ನು ಉದ್ದ ಬಿಡಿಸಿಕೊಂಡು, ಮನೆಯ ನಡುವೆ ಆಳೆತ್ತರದಲ್ಲಿ, ಕಬ್ಬಿಣದ ಬೀರುವಿನಿಂದ ದೂರ ಇಡಿಸಿ. ದಪ್ಪ ಕಲ್ಲುಗೋಡೆ, ಮಣ್ಣುಗೋಡೆಗಳ ಮನೆಗೆ 2.4 ಗಿಗಾಹರ್ಟ್ಸ್ ಅಲೆ ಲೇಸು. 5 ಗಿಗಾಹರ್ಟ್ಸ್ ಅಲೆಗೆ ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ. ಅದನ್ನು ರೂಟರಿರುವ ಕೋಣೆಯಲ್ಲಿ ಬಳಸಿ.

ಇದಕ್ಕಿಂತ ಮುಖ್ಯವಾದುದು ಪಾಸ್‌ವರ್ಡ್. ವೈಫೈಗೆ ಒಂದು, ರೂಟರಿನ ಸೆಟ್ಟಿಂಗ್ ತೆರೆಯಲು ಇನ್ನೊಂದು, ಹೀಗೆ ಎರಡಿರುತ್ತವೆ. ಎರಡನ್ನೂ ಮೊದಲ ದಿನವೇ ಬದಲಿಸಿ. ಎರಡನೆಯದು ‘ಅಡ್ಮಿನ್’ ಎಂದೇ ಉಳಿದರೆ, ಒಳಹೊಕ್ಕ ವಂಚಕನು ಬ್ಯಾಂಕಿನ ತಾಣವೆಂದು ನಿಮ್ಮನ್ನು ನಕಲಿ ತಾಣಕ್ಕೆ ತಿರುಗಿಸಬಲ್ಲ. ಅದು ಕಾಲುವೆಯ ತೂಬನ್ನು ಕಳ್ಳನ ಕೈಗೆ ಒಪ್ಪಿಸಿದಂತೆ.

ಗುಡುಗು ಸಿಡಿಲಿನ ಸೂಚನೆ ಕಂಡೊಡನೆ ಪ್ಲಗ್ ಕಿತ್ತಿಡಿ. ಫೈಬರಿನಲ್ಲಿ ವಿದ್ಯುತ್ ಹರಿಯದಿದ್ದರೂ ಅಡಾಪ್ಟರಿನ ತಂತಿಯಲ್ಲಿ ಹರಿಯುತ್ತದೆ. ತಿಂಗಳ ಬಾಡಿಗೆ ಕಟ್ಟುವವರು ನೀವು. ಪೂರ್ಣ ಪ್ರಯೋಜನವೂ ನಿಮಗೇ ಸಲ್ಲಬೇಕು.